ಬಿಸಿಲಿಗೂ ತೇವಕ್ಕೂ ತಡೆಯುವ ಸಟೈವಾ ತಳಿ ಯಾವುದು? ಚಿಂಚೋಳಿಯ ರೈತರಿಗೆ ಉತ್ತರ

ಪ್ರಶ್ನೆ: ನಮ್ಮದು ಚಿಂಚೋಳಿ ತಾಲೂಕು. ನಾಲ್ಕು ಎಕರೆ ಹೊಲ. ಅರ್ಧ ಎರೆ, ಅರ್ಧ ಕೆಂಪು ಮಸಾರಿ. ನೆಟೆ ರೋಗ ಬಿದ್ದು ತೊಗರಿ ಎರಡು ಸಲ ಕೈಗೆ ಬರಲಿಲ್ಲ. ಹೆಂಪ್, ಅಂದರೆ ಗಾಂಜಾ ಕುಲದ್ದೇ ಆದ ನಾರಿನ ಗಿಡ, ಬೆಳೆದರೆ ಎಕರೆಗೆ ಲಕ್ಷಗಟ್ಟಲೆ ಬರುತ್ತದೆ ಎಂದು ಯೂಟ್ಯೂಬಿನಲ್ಲಿ ಹೇಳುತ್ತಾರೆ. ಸಟೈವಾ ಜಾತಿಯವು ಬಿಸಿಲು, ತೇವ ಎರಡನ್ನೂ ತಡೆಯುತ್ತವಂತೆ. ಬೀಜ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ನಮ್ಮ ಹವೆಗೆ ಯಾವ ತಳಿ ತರಿಸಲಿ? ಪೊಲೀಸರ ಭಯ ಏನಾದರೂ ಇದೆಯಾ?

ಉತ್ತರ: ಬೀಜ ತರಿಸಬೇಡಿ. ಹಣ ಕಟ್ಟಿಲ್ಲ ಅಂದರೆ ಇವತ್ತೇ ಆ ಯೋಚನೆ ನಿಲ್ಲಿಸಿ. ಯಾಕೆ ಅಂತ ಪೂರ್ತಿ ಹೇಳುತ್ತೇನೆ. ತಳಿಯ ಪ್ರಶ್ನೆಗೂ ಉತ್ತರ ಕೊಡುತ್ತೇನೆ. ಅದು ಒಳ್ಳೆಯ ಪ್ರಶ್ನೆ, ಅದರಲ್ಲಿ ನಿಮ್ಮ ತೊಗರಿಗೂ ಪುಂಡಿಗೂ ಕೆಲಸಕ್ಕೆ ಬರುವ ಸಂಗತಿ ಇದೆ.

ಮೊದಲು ಕಾನೂನು. ಎನ್‌ಡಿಪಿಎಸ್ ಎಂದು ಎಲ್ಲರೂ ಕರೆಯುವ ಮಾದಕ ವಸ್ತು ಕಾಯ್ದೆ 1985ರದ್ದು. ಅದರಲ್ಲಿ ‘ಕ್ಯಾನಬಿಸ್ ಗಿಡ’ ಅಂದರೆ ಆ ಕುಲಕ್ಕೆ ಸೇರಿದ ಯಾವುದೇ ಗಿಡ. ನಾರಿನ ಹೆಂಪ್ ಬೇರೆ, ಗಾಂಜಾ ಬೇರೆ ಎಂಬ ವ್ಯತ್ಯಾಸವನ್ನು ಆ ವ್ಯಾಖ್ಯೆ ಮಾಡುವುದೇ ಇಲ್ಲ. ‘ನಮ್ಮ ತಳಿಯಲ್ಲಿ ಅಮಲಿಲ್ಲ’ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಅದು ನಿಮ್ಮನ್ನು ಕಾಪಾಡುವುದಿಲ್ಲ. ಪರವಾನಗಿ ಇಲ್ಲದೆ ಬೆಳೆಯುವುದನ್ನು 8ನೇ ಕಲಂ ನಿಷೇಧಿಸುತ್ತದೆ. 20ನೇ ಕಲಂ ಪ್ರಕಾರ ಬೆಳೆದವರಿಗೆ 10 ವರ್ಷದ ತನಕ ಕಠಿಣ ಸಜೆ, 1 ಲಕ್ಷ ರೂಪಾಯಿ ತನಕ ದಂಡ ಆಗಬಹುದು. ಎಲೆ ಮತ್ತು ಬೀಜ ಗಾಂಜಾ ಅಲ್ಲ, ಹೂಗೊಂಚಲು ಮಾತ್ರ ಗಾಂಜಾ ಅಂತ ಕೆಲವರು ವಾದ ಮಾಡುತ್ತಾರೆ. ಗಾಂಜಾದ ವ್ಯಾಖ್ಯೆಯಲ್ಲಿ ಆ ಮಾತಿಗೆ ಆಧಾರ ಇದೆ, ನಿಜ. ಆದರೆ ಅದು ಕೈಯಲ್ಲಿ ಇಟ್ಟುಕೊಂಡ ವಸ್ತುವಿನ ಮಾತು. ಹೊಲದಲ್ಲಿ ಗಿಡ ಎಬ್ಬಿಸುವುದು ಬೇರೆಯೇ ಅಪರಾಧ.

ಇನ್ನೊಂದು ವಿಷಯ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಹೊಲವನ್ನು ನೀವು ಪಾಲಿಗೆ ಕೊಟ್ಟಿದ್ದೀರಿ, ಪಾಲಿಗೆ ಮಾಡಿದವನು ತೊಗರಿ ಸಾಲಿನ ನಡುವೆ ನಾಲ್ಕು ಗಿಡ ಹಾಕಿದ ಅಂತಿಟ್ಟುಕೊಳ್ಳಿ. ಅದು ನಿಮಗೆ ಗೊತ್ತಿದ್ದೂ ಪೊಲೀಸರಿಗೋ ಕಂದಾಯ ಅಧಿಕಾರಿಗೋ ತಿಳಿಸದಿದ್ದರೆ 46ನೇ ಕಲಂ ಪ್ರಕಾರ ನೀವೂ ಶಿಕ್ಷೆಗೆ ಗುರಿಯಾಗುತ್ತೀರಿ. ತೊಗರಿ, ಕಬ್ಬು, ಹತ್ತಿಯ ನಡುವೆ ಗಾಂಜಾ ಗಿಡ ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಸಾಲಕ್ಕೆ ಸಿಕ್ಕ ಸಣ್ಣ ರೈತನೇ ಜೈಲಿಗೆ ಹೋಗುವುದು, ಬೀಜ ಕೊಟ್ಟವನು ಅಲ್ಲ. ನಮ್ಮ ಭಾಗದ ಕೆಲವು ಅವಧೂತ, ಆರೂಢ ಪರಂಪರೆಯ ಜಾಗಗಳಲ್ಲಿ ಭಂಗಿ ಸೇದುವ ರೂಢಿ ಹಿಂದಿನಿಂದ ಇದೆ. ಅದನ್ನು ನೋಡಿ ‘ಇಲ್ಲಿ ನಡೀತದೆ’ ಅಂದುಕೊಳ್ಳಬೇಡಿ. ಗಿಡ ಬೆಳೆಯುವವರಿಗೆ ಆ ರೂಢಿಯಿಂದ ಯಾವ ರಿಯಾಯಿತಿಯೂ ಇಲ್ಲ.

ಹಾಗಾದರೆ ಉತ್ತರಾಖಂಡದವರು ಹೇಗೆ ಬೆಳೆಯುತ್ತಾರೆ ಎಂದು ನೀವು ಕೇಳುತ್ತೀರಿ. ಅದೇ ಕಾಯ್ದೆಯ 10ನೇ ಕಲಂ ರಾಜ್ಯ ಸರ್ಕಾರಕ್ಕೆ ಅನುಮತಿ ಕೊಡುವ ಅಧಿಕಾರ ಕೊಟ್ಟಿದೆ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಬಿಡುವ ದಾರಿ 14ನೇ ಕಲಂನಲ್ಲಿದೆ. ಉತ್ತರಾಖಂಡ 2018ರಲ್ಲಿ ಅಂಥ ಪರವಾನಗಿ ಕೊಡಲು ಶುರು ಮಾಡಿತು. ಅಲ್ಲಿ ಟಿಎಚ್‌ಸಿ, ಅಂದರೆ ಅಮಲು ತರುವ ಅಂಶ, 0.3 ಶೇಕಡಾ ಮೀರುವಂತಿಲ್ಲ. ಕರ್ನಾಟಕದಲ್ಲಿ ರೈತರಿಗೆ ಹಾಗೆ ಪರವಾನಗಿ ಕೊಡುವ ವ್ಯವಸ್ಥೆ ಇಲ್ಲ. ವಿಡಿಯೋದವರು ಉತ್ತರಾಖಂಡದ ಹೊಲ ತೋರಿಸಿ ಈ ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ವಿದೇಶಿ ಬೀಜ ಅಂದರೆ ಇನ್ನೊಂದು ತೊಡಕು. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಬಿತ್ತುವ ಬೀಜ ಹೊರಗಿನಿಂದ ತರಲು ಮೊದಲೇ ಪರ್ಮಿಟ್ ಬೇಕು. ಅಂಚೆಯಲ್ಲಿ ಕವರಿನೊಳಗೆ ಬರುವ ಬೀಜಕ್ಕೆ ಅದು ಎಲ್ಲಿರುತ್ತದೆ?

ಈಗ ತಳಿಯ ಮಾತಿಗೆ ಬರುತ್ತೇನೆ. ‘ಬಿಸಿಲು ಮತ್ತು ತೇವ ತಡೆಯುವ ತಳಿ’ ಎಂದು ಕೇಳಿದಿರಿ. ಕಲಬುರಗಿ, ಬೀದರ್, ಯಾದಗಿರಿ ಕರಾವಳಿಯ ಹಾಗೆ ಬಿಸಿಲೂ ತೇವವೂ ಒಟ್ಟಿಗೆ ಇರುವ ನಾಡಲ್ಲ. ಇಲ್ಲಿ ಬಿಸಿಲಿಗೆ ಒಂದು ಕಾಲ, ತೇವಕ್ಕೆ ಇನ್ನೊಂದು ಕಾಲ. ಮೇ ತಿಂಗಳಲ್ಲಿ 42, 43 ಡಿಗ್ರಿ, ಗಾಳಿ ಒಣ ಒಣ. ಜೂನ್‌ನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಹಗಲಿನ ಬಿಸಿ 32ರ ಆಸುಪಾಸಿಗೆ ಇಳಿಯುತ್ತದೆ, ಗಾಳಿ ತೇವ ಆಗುತ್ತದೆ. ಅದರ ನಡುವೆ ಮೂರು ವಾರ ಮಳೆ ಕೈಕೊಡುವುದೂ ಇದೆ. ಸೆಪ್ಟೆಂಬರ್‌ನಲ್ಲಿ ಒಮ್ಮೆಗೇ ಸುರಿದು ಎರೆ ಹೊಲದಲ್ಲಿ ನೀರು ನಿಲ್ಲುವುದೂ ಇದೆ. ಬೀದರ್ ಸ್ವಲ್ಪ ಎತ್ತರದ ಜಾಗ, ಕೆಂಪು ಜಂಬಿಟ್ಟಿಗೆ ನೆಲ, ನೀರು ಬೇಗ ಇಂಗುತ್ತದೆ. ಯಾದಗಿರಿಯ ಸುರಪುರ, ಶಹಾಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಜಾಗಗಳಲ್ಲಿ ಮಾತ್ರ ತಿಂಗಳುಗಟ್ಟಲೆ ತೇವ ಇರುತ್ತದೆ. ನಿಮ್ಮ ಚಿಂಚೋಳಿ ಇವೆರಡರ ನಡುವಿನದು. ಹಾಗಾಗಿ ‘ಹಾಟ್ ಹ್ಯುಮಿಡ್’ ಎಂದು ಪೊಟ್ಟಣದ ಮೇಲೆ ಬರೆದ ತಳಿ ನಮ್ಮ ನೆಲಕ್ಕೆ ತಾನಾಗಿ ಹೊಂದುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಹಗಲಿನ ಉದ್ದ. ಈ ಗಿಡದ ವಿಚಾರದಲ್ಲಿ ಬಿಸಿಲಿಗಿಂತ ಮೊದಲು ನೋಡಬೇಕಾದ್ದು ಅದೇ, ವಿಡಿಯೋಗಳಲ್ಲಿ ಕೇಳಿಬರದ್ದೂ ಅದೇ.

ಕ್ಯಾನಬಿಸ್ ಗಿಡ ಹಗಲು ಕಡಿಮೆಯಾದಾಗ ಹೂಬಿಡುವ ಜಾತಿ. ಹಗಲು ಉದ್ದ ಇರುವ ತನಕ ಎತ್ತರಕ್ಕೆ ಬೆಳೆಯುತ್ತದೆ, ಕಡಿಮೆಯಾದ ಕೂಡಲೇ ಬೆಳೆಯುವುದು ನಿಲ್ಲಿಸಿ ಹೂವಿಗೆ ಹೊರಳುತ್ತದೆ. ಯುರೋಪಿನ ಬಹಳಷ್ಟು ನಾರಿನ ತಳಿಗಳಿಗೆ ಆ ಗಡಿ ಸುಮಾರು 14 ಗಂಟೆ. ಫ್ರಾನ್ಸಿನಲ್ಲಿ ಜೂನ್ ಹಗಲು 16 ಗಂಟೆ ಹತ್ತಿರ ಇರುತ್ತದೆ. ಅಲ್ಲಿಯ ಫ್ಯೂಚುರಾ 75, ಫೆಲಿನಾ 32 ಎಂಬ ತಳಿಗಳು ಆ ಉದ್ದದ ಹಗಲಿನಲ್ಲಿ ಆಳೆತ್ತರ ಮೀರಿ ಬೆಳೆದು ಆಮೇಲೆ ಹೂಬಿಡುತ್ತವೆ. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ವರ್ಷದ ಅತಿ ಉದ್ದದ ಹಗಲೇ 13 ಗಂಟೆಗಿಂತ ಹತ್ತು ನಿಮಿಷ ಜಾಸ್ತಿ, ಅಷ್ಟೇ. ಅಂದರೆ ಆ ಗಿಡದ ಲೆಕ್ಕದಲ್ಲಿ ಇಲ್ಲಿ ಯಾವ ತಿಂಗಳಲ್ಲಿ ಬಿತ್ತಿದರೂ ‘ಹೂಬಿಡುವ ಕಾಲ’ ಬಂದೇ ಬಿಟ್ಟಿದೆ. ಮೊಣಕಾಲೆತ್ತರ ಬರುವಷ್ಟರಲ್ಲಿ ಹೂಬಿಟ್ಟು ಮುಗಿಸುತ್ತದೆ. ನಾರು ಎಲ್ಲಿಂದ ಬರಬೇಕು? ಅಮೆರಿಕದ ಫ್ಲೋರಿಡಾದಲ್ಲಿ ಹೆಂಪ್ ಬೆಳೆಯಲು ಹೊರಟಾಗ ಉತ್ತರದ ತಳಿಗಳು ಹೀಗೇ ಗಿಡ್ಡಾಗಿ ಹೂಬಿಟ್ಟವು. ಫ್ಲೋರಿಡಾ ನಮಗಿಂತ ಉತ್ತರಕ್ಕಿದೆ ಎಂಬುದು ನೆನಪಿರಲಿ.

ಫಿನ್‌ಲ್ಯಾಂಡಿನ ಫಿನೋಲಾ ಎಂಬ ತಳಿ ಹಗಲನ್ನು ಅಷ್ಟಾಗಿ ಲೆಕ್ಕಿಸದೆ ವಯಸ್ಸಿನ ಮೇಲೆ ಹೂಬಿಡುತ್ತದೆ. ಆದರೆ ಅದು ಬೀಜಕ್ಕಾಗಿ ಬೆಳೆಯುವ ಗಿಡ್ಡ ತಳಿ. ಹಿಮಾಲಯದ ಬೀಜ ತಂದರೂ ಕಥೆ ಪೂರ್ತಿ ಬದಲಾಗುವುದಿಲ್ಲ. ಅಲ್ಲಿ ಜೂನ್ ಹಗಲು 14 ಗಂಟೆ, ಇಲ್ಲಿಗೆ ತಂದರೆ ಹೂವು ಬೇಗ ಬರುತ್ತದೆ.

ಸಮಭಾಜಕದ ಹತ್ತಿರದ ಜಾಗಗಳಲ್ಲಿ ತಲೆಮಾರುಗಳಿಂದ ಬೆಳೆದ ಗಿಡಗಳು ಮಾತ್ರ 12, 13 ಗಂಟೆಯ ಹಗಲಿಗೆ ಒಗ್ಗಿಕೊಂಡಿವೆ. ಉದ್ದ ಬೆಳೆಯುತ್ತವೆ, ಎಲೆಯ ಬೆರಳು ಸಪೂರ, ಹೂಗೊಂಚಲು ಬಿಡಿಬಿಡಿ, ಹೂಬಿಟ್ಟು ಮಾಗಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ಮಾರುವವರು ‘ಸಟೈವಾ’ ಎಂದು ಕರೆಯುವುದು ಇಂಥವನ್ನು. ಶಾಸ್ತ್ರದ ಪ್ರಕಾರ ಆ ಹೆಸರು ಇಡೀ ಪ್ರಭೇದದ್ದು. 1753ರಲ್ಲಿ ಲಿನ್ನೇಯಸ್ ಇಟ್ಟದ್ದು, ಯುರೋಪಿನ ನಾರಿನ ಹೆಂಪನ್ನು ನೋಡಿ. ಹಾಗಾಗಿ ಪೊಟ್ಟಣದ ಮೇಲೆ ಸಟೈವಾ ಎಂದಿದ್ದರೆ ಅದರಿಂದ ತಳಿಯ ಗುಣ ಏನೂ ಗೊತ್ತಾಗುವುದಿಲ್ಲ. ಒಂದೇ ಹೆಸರಲ್ಲಿ ಮಾರಿದ ಗಿಡಗಳ ವಂಶವಾಹಿ ಪರೀಕ್ಷೆ ಮಾಡಿದಾಗ ಅವು ಬೇರೆ ಬೇರೆ ಎಂದು ಕಂಡದ್ದೂ ಇದೆ.

ನಾರಿಗಾಗಿಯೇ ಕಡಿಮೆ ಹಗಲಿನ ಜಾಗದಲ್ಲಿ ಅಭಿವೃದ್ಧಿ ಮಾಡಿದ ತಳಿಗಳಲ್ಲಿ ಎರಡು ಸಾಲುಗಳನ್ನು ಹೆಸರಿಸಬಹುದು. ಚೀನಾದ ಯುನ್ನಾನ್ ಪ್ರಾಂತ್ಯದ ಯುನ್‌ಮಾ ಸಾಲು, ಥಾಯ್‌ಲ್ಯಾಂಡಿನ ಉತ್ತರದ ಗುಡ್ಡಗಾಡಿನ ಆರ್‌ಪಿಎಫ್ ಸಾಲು. ಎರಡನೆಯದು ಅಕ್ಷಾಂಶದಲ್ಲಿ ಹೆಚ್ಚುಕಡಿಮೆ ನಮ್ಮ ಜೊತೆಗೇ ಬರುತ್ತದೆ, ಆದರೆ ಅದು ತಂಪಾದ ಎತ್ತರದ ಜಾಗದ್ದು. ಮುಂದೆ ಎಂದಾದರೂ ನಮ್ಮ ರಾಜ್ಯ ಪರವಾನಗಿಗೆ ಒಪ್ಪಿದರೆ, ಕೃಷಿ ವಿಶ್ವವಿದ್ಯಾಲಯ ಮೊದಲು ಇಂಥವನ್ನು ತಂದು ಪರೀಕ್ಷಿಸಬೇಕು. ಎರೆಯಲ್ಲಿ, ಮಸಾರಿಯಲ್ಲಿ, ಎರಡು ಮೂರು ಮುಂಗಾರು ಬೆಳೆದು ನೋಡಬೇಕು. ಆ ಪರೀಕ್ಷೆಯ ಖರ್ಚು ನಿಮ್ಮ ನಾಲ್ಕು ಎಕರೆಯ ಮೇಲೆ ಬೀಳಬಾರದು.

ಇನ್ನು ನೀರು. ಹೆಂಪ್ ಬೇರಿಗೆ ನಿಂತ ನೀರು ಆಗುವುದಿಲ್ಲ. ಎಳೆಯ ಗಿಡ ಎರೆಯಲ್ಲಿ ನೀರು ನಿಂತರೆ ಹಳದಿ ಆಗಿ ನಿಂತಲ್ಲೇ ನಿಲ್ಲುತ್ತದೆ, ಆಮೇಲೆ ಬುಡ ಕೊಳೆಯುತ್ತದೆ. ಶೇಂಗಾದ ಬುಡದಲ್ಲಿ ಬಿಳಿ ಬೂಸ್ಟು, ಸಾಸಿವೆ ಕಾಳಿನಂಥ ಗುಳಿಗೆ ನೋಡಿದ್ದೀರಲ್ಲ, ಆ ಸ್ಕ್ಲೆರೋಶಿಯಂ ಶಿಲೀಂಧ್ರ ಹೆಂಪನ್ನೂ ಹಿಡಿಯುತ್ತದೆ. ಹೂಗೊಂಚಲು ಬಿಡಿಬಿಡಿ ಇರುವ ತಳಿಯಲ್ಲಿ ಗಾಳಿಯಾಡಿ ತೇವ ಬೇಗ ಆರುತ್ತದೆ, ಬೂದು ಬೂಸ್ಟು ಕಡಿಮೆ. ತೇವ ತಡೆಯುತ್ತದೆ ಎಂಬ ಮಾತಿನಲ್ಲಿ ಇರುವ ನಿಜ ಇಷ್ಟೇ. ಅದು ಹೂವಿಗೆ ಅನ್ವಯಿಸುವ ಮಾತು. ಬೇರಿಗೆ ಅಲ್ಲ. ನಮ್ಮ ಕಡೆ ಬೆಳೆ ಕೆಡುವುದು ಹೆಚ್ಚಾಗಿ ಬೇರಿನಿಂದ.

ಪರವಾನಗಿ ಇರುವ ಕಡೆಯ ರೈತರಿಗೂ ಒಂದು ಕಾಟ ಇದೆ. ಟಿಎಚ್‌ಸಿ ಎಷ್ಟು ಎಂಬುದನ್ನು ಮುಖ್ಯವಾಗಿ ತಳಿ ನಿರ್ಧರಿಸುತ್ತದೆ, ಹೂವು ಮಾಗುತ್ತ ಹೋದ ಹಾಗೆ ಅದು ಏರುತ್ತದೆ. 0.3 ದಾಟಿದರೆ ಬೆಳೆ ನಾಶ ಮಾಡಬೇಕು. ಪರಾಗ ಗಾಳಿಯಲ್ಲಿ ಬಹಳ ದೂರ ಹಾರುವುದರಿಂದ ಮನೆಯಲ್ಲಿ ಉಳಿಸಿಕೊಂಡ ಬೀಜವನ್ನೂ ನಂಬುವ ಹಾಗಿಲ್ಲ. ಜೋಳದ ಬೀಜ ಕಟ್ಟಿಟ್ಟು ಅಭ್ಯಾಸ ಇರುವ ನಮಗೆ ಇದು ಕಷ್ಟದ ಬೆಳೆ.

ಲಕ್ಷದ ಲೆಕ್ಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ದರ ಹೊರದೇಶದಲ್ಲಿ ಔಷಧಿಗೆ ಹೋಗುವ ಹೂವಿನದ್ದು. ವಿಡಿಯೋದಲ್ಲಿ ತೋರಿಸುವುದು ನಾರಿನ ಹೊಲ, ಹೇಳುವುದು ಹೂವಿನ ದರ. ನಾರು ಬೆಳೆದವರು ಕಾಂಡ ಕೊಳೆಹಾಕಬೇಕು, ಸುಲಿಯಬೇಕು, ಒಣಗಿಸಬೇಕು. ಅಷ್ಟಾದ ಮೇಲೆ ಕೊಳ್ಳುವ ಕಾರ್ಖಾನೆ ಹತ್ತಿರ ಇರಬೇಕು. ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಒಪ್ಪಿದೆ. ಆ ಒಪ್ಪಿಗೆ ಮಾರುವುದಕ್ಕೆ, ಬಿತ್ತುವುದಕ್ಕಲ್ಲ.

ನಿಮ್ಮ ನಿಜವಾದ ತೊಂದರೆ ತೊಗರಿ ಒಣಗಿದ್ದು. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ನೆಟೆಯಿಂದ ಹೇಗೆ ಹೋಯಿತು ಎಂದು ಎಲ್ಲರೂ ನೋಡಿದ್ದೇವೆ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಬೆಳೆ ಅದು. ಅದನ್ನು ಬಿಟ್ಟು ಓಡುವ ಮೊದಲು ನೆಲಕ್ಕೆ ಒಂದೆರಡು ವರ್ಷ ಬಿಡುವು ಕೊಡಿ ಎನ್ನುತ್ತೇನೆ.

ನೆಟೆ ತರುವ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲಿ, ಉಳಿದ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅದೇ ಹೊಲದಲ್ಲಿ ಮತ್ತೆ ಮತ್ತೆ ತೊಗರಿ ಹಾಕಿದರೆ ಅದಕ್ಕೆ ನಾವೇ ಊಟ ಹಾಕಿದ ಹಾಗೆ. ಜೋಳ ಹಾಕಿದರೆ ಅದು ಕುಗ್ಗುತ್ತದೆ. ಜೋಳದ ಜೊತೆ ತೊಗರಿ ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರ ಪದ್ಧತಿಯಲ್ಲಿ ನೆಟೆ ಕಡಿಮೆ ಇದ್ದದ್ದಕ್ಕೆ ಇದೂ ಒಂದು ಕಾರಣ. ಹಾಗಾಗಿ ನಿಮ್ಮ ಎರೆಯ ಎರಡು ಎಕರೆಗೆ ಈ ಸಲ ತೊಗರಿ ಬೇಡ. ಮುಂಗಾರಿಗೆ ಹಸಿರೆಲೆ ಗೊಬ್ಬರಕ್ಕೆ ಸೆಣಬು ಹಾಕಿ. ನಾನು ಹೇಳುತ್ತಿರುವುದು ಹಳದಿ ಹೂವಿನ, ಕಾಳು ಜಾತಿಯ ಅಪ್ಸೆಣಬು. ಹೆಂಪಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಪರವಾನಗಿ ಬೇಡ. ಎಕರೆಗೆ 20 ಕೆಜಿ ಬೀಜ ಸಾಕು. 45ರಿಂದ 50 ದಿನಕ್ಕೆ, ಹೂವು ಕಾಣಿಸುವ ಹೊತ್ತಿಗೆ, ಕಾಂಡ ಗಟ್ಟಿಯಾಗುವ ಮೊದಲೇ ಮಣ್ಣಿಗೆ ಸೇರಿಸಿ. ತಡ ಮಾಡಿದರೆ ನಾರು ಬಲಿತು ಕೊಳೆಯುವುದಿಲ್ಲ, ಕುಂಟೆಗೆ ಸುತ್ತಿಕೊಳ್ಳುತ್ತದೆ. ಬೀಜಕ್ಕೆ ಬಿಟ್ಟರೆ ದನ ಕಾಯಿ ತಿನ್ನದ ಹಾಗೆ ನೋಡಿಕೊಳ್ಳಿ, ಅದರ ಕಾಳಿನಲ್ಲಿ ವಿಷದ ಅಂಶ ಇರುತ್ತದೆ. ಆಮೇಲೆ ಅದೇ ನೆಲದಲ್ಲಿ ಹಿಂಗಾರಿಗೆ ಬಿಳಿಜೋಳ, ಎಂ 35-1 ತಳಿ ಆದರೂ ಸರಿ.

ಒಂದು ಎಚ್ಚರಿಕೆ ಇದೆ. ಸೆಣಬಿಗೂ ಸೊರಗು ರೋಗ ಬರುತ್ತದೆ, ಅದನ್ನು ತರುವುದು ತೊಗರಿ ನೆಟೆಯ ಶಿಲೀಂಧ್ರದ ಹತ್ತಿರದ ನೆಂಟ. ಆದ್ದರಿಂದ ಹೊಲಕ್ಕೆ ಬಿಡುವು ಕೊಡುವ ಕೆಲಸ ಜೋಳದ್ದು, ಗೊಬ್ಬರದ ಕೆಲಸ ಸೆಣಬಿನದ್ದು ಎಂದು ತಿಳಿದುಕೊಳ್ಳಿ. ಸೆಣಬೊಂದನ್ನೇ ನಂಬಬೇಡಿ.

ನಾರಿನ ಬೆಳೆಯೇ ಬೇಕು ಅನಿಸಿದರೆ ಮಸಾರಿ ಕಡೆ ಪುಂಡಿ ಇದೆ. ಪಲ್ಯಕ್ಕೆ ಹಾಕುವ ಅದೇ ಪುಂಡಿ. ಅದರ ನಾರಿನಿಂದ ಹಗ್ಗ ಹೊಸೆಯುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಪುಂಡಿಯಲ್ಲಿ ಎರಡು ಪ್ರಭೇದ. ಒಂದರ ಎಲೆ ನೋಡಲು ಗಾಂಜಾ ಎಲೆಯ ಹಾಗೆಯೇ ಸೀಳಿರುತ್ತದೆ, ಅದರ ಶಾಸ್ತ್ರೀಯ ಹೆಸರಲ್ಲೇ ಕ್ಯಾನಬಿನಸ್ ಎಂದಿದೆ. ಇದು ಬೇಗ ಬರುತ್ತದೆ, ನೀರು ಸ್ವಲ್ಪ ಜಾಸ್ತಿ ಕೇಳುತ್ತದೆ. ಇನ್ನೊಂದು ಸಬ್ದರಿಫಾ, ಹುಳಿ ಜಾಸ್ತಿ, ನಿಧಾನ, ಮಳೆ ಕೈಕೊಟ್ಟರೂ ತಡೆದುಕೊಳ್ಳುತ್ತದೆ. ನಿಮ್ಮ ಮಸಾರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಎಚ್‌ಎಸ್ 4288, ಎಚ್‌ಎಸ್ 7910 ಅದರ ನಾರಿನ ತಳಿಗಳು. ಮೊದಲು ಹೇಳಿದ ಸೀಳೆಲೆಯ ಪುಂಡಿಯಲ್ಲಿ ಎಚ್‌ಸಿ 583 ಇದೆ. ಸೆಣಬು, ಪುಂಡಿ ನಾರಿನ ಸಂಶೋಧನೆ ನಡೆಯುವುದು ಪಶ್ಚಿಮ ಬಂಗಾಳದ ಬ್ಯಾರಕ್‌ಪುರದ ಕೇಂದ್ರ ಸಂಸ್ಥೆಯಲ್ಲಿ. ಬೀಜಕ್ಕೆ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಕೇಳುವುದು ಒಳ್ಳೆಯದು.

ಹಗಲಿನ ಉದ್ದದ ಮಾತು ಇಲ್ಲೂ ಕೆಲಸಕ್ಕೆ ಬರುತ್ತದೆ. ಪುಂಡಿಯೂ ಹಗಲು ಕಡಿಮೆಯಾದಾಗ ಹೂಬಿಡುವುದೇ. ಮಿರಗಕ್ಕೆ ಬಿತ್ತಿದರೆ ಹೂವಿಗೆ ಮೊದಲು ನಾಲ್ಕು ತಿಂಗಳು ಎತ್ತರಕ್ಕೆ ಹೋಗುತ್ತದೆ. ಆಗಸ್ಟ್ ಕೊನೆಗೆ ಬಿತ್ತಿದರೆ ಸೊಪ್ಪು ಸಿಗುತ್ತದೆ, ನಾರು ಸಿಗುವುದಿಲ್ಲ. ತೊಗರಿಗೂ ಹೀಗೇ. ತಡವಾಗಿ ಬಿತ್ತಿದ ತೊಗರಿ ಗಿಡ್ಡ ಉಳಿಯುವುದು ಗೊಬ್ಬರ ಕಡಿಮೆಯಾಗಿ ಅಲ್ಲ, ಹಗಲು ಕಡಿಮೆಯಾಗಿ. ಅದಕ್ಕೇ ತಡವಾದರೆ ಸಾಲು ಹತ್ತಿರ ಹಾಕಿ ಎನ್ನುವುದು. ಪುಂಡಿಗೂ ನೀರು ನಿಂತರೆ ಬುಡ ಕೊಳೆ ಬರುತ್ತದೆ, ಎರೆಯ ತಗ್ಗಿಗೆ ಬೇಡ. ಅರ್ಧ ಗಿಡ ಹೂಬಿಟ್ಟಾಗ ಕೊಯ್ದು, ಕಟ್ಟು ಕಟ್ಟಿ, ಎರಡು ಮೂರು ವಾರ ನೀರಲ್ಲಿ ಮುಳುಗಿಸಿ ಸುಲಿಯಬೇಕು. ಹಳ್ಳದ ನೀರು ಕುಡಿಯಲು ಬಳಸುವ ಕಡೆ ಅದನ್ನು ಮಾಡಬೇಡಿ.

ಪುಂಡಿ ನಾರಿಗೆ ನಮ್ಮ ಎಪಿಎಂಸಿಗಳಲ್ಲಿ ತೊಗರಿಯ ಹಾಗೆ ದಿನದ ದರ ಇಲ್ಲ. ಆದ್ದರಿಂದ ಮೊದಲ ವರ್ಷ ಕಾಲು ಎಕರೆ ಮೀರಬೇಡಿ. ಸೊಪ್ಪನ್ನು ಸಂತೆಗೆ ಮಾರಿ, ನಾರನ್ನು ಹಗ್ಗ ಮಾಡುವವರಿಗೆ ತೋರಿಸಿ, ದರ ಗೊತ್ತಾದ ಮೇಲೆ ಹೆಚ್ಚಿಸಿ. ಇದರಿಂದ ಲಕ್ಷ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಉಳಿದ ಮಸಾರಿಯಲ್ಲಿ ಹೆಸರೋ ಉದ್ದೋ ಹಾಕಿದರೆ ಮೂರು ತಿಂಗಳೊಳಗೆ ಕೈಗೆ ರೊಕ್ಕ ಬರುತ್ತದೆ.

ತೊಗರಿಗೆ ವಾಪಸ್ ಬರುವಾಗ ನೆಟೆ ತಡೆಯುವ ತಳಿ ಕೇಳಿ. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್ 3ಆರ್, ಜಿಆರ್‌ಜಿ 811 ಅಂಥವು. ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ, ಸವರಿ ಬಿತ್ತಿ. ಎರೆಯಲ್ಲಿ ಬೋದು ಮಾಡಿ, ನೀರು ಹೊರಹೋಗಲು ಕಾಲುವೆ ತೆಗೆಯಿರಿ. ಆದರೆ ನೆಟೆ ತಡೆಯುವ ತಳಿ ಒಣ ಬೇರು ಕೊಳೆಯನ್ನೂ ತಡೆಯುತ್ತದೆ ಎಂದು ಅರ್ಥವಲ್ಲ. ನಿಮ್ಮ ಹೊಲದಲ್ಲಿ ಬಂದದ್ದು ಯಾವುದು ಎಂದು ಮೊದಲು ಗೊತ್ತಾಗಬೇಕು.

ಅದಕ್ಕೆ ಹೋದ ಸಲದ ಒಣಗಿದ ಗಿಡ ಬದುವಿನಲ್ಲಿ ಇನ್ನೂ ಇದ್ದರೆ ಬೇರು ಸಮೇತ ಕಿತ್ತು ನೋಡಿ. ಕಾಂಡ ಸೀಳಿದಾಗ ತೊಗಟೆಯ ಕೆಳಗೆ ಕಪ್ಪು, ಕಂದು ಗೆರೆ ಮೇಲಕ್ಕೆ ಓಡಿದ್ದರೆ ಅದು ನೆಟೆ. ಬೇರಿನ ತೊಗಟೆ ಚಿಂದಿಯಾಗಿ, ಒಳಗೆ ಇದ್ದಿಲು ಪುಡಿಯಂಥ ಕಪ್ಪು ಚುಕ್ಕೆ ಕಂಡರೆ ಒಣ ಬೇರು ಕೊಳೆ, ಅದು ಮಳೆ ನಿಂತು ಬಿಸಿಲು ಬಿದ್ದಾಗ ಜೋರು. ನೆಲಕ್ಕೆ ಹತ್ತಿರ ಕಾಂಡದ ಮೇಲೆ ಕಂದು ಮಚ್ಚೆ ಸುತ್ತುವರಿದು ಅಲ್ಲೇ ಮುರಿದಿದ್ದರೆ ನೀರು ನಿಂತು ಬಂದ ಕೊಳೆ. ಅನುಮಾನ ಇದ್ದರೆ ನಾಲ್ಕೈದು ಗಿಡವನ್ನು ಬೇರಿನ ಮಣ್ಣು ಸಮೇತ ಕಾಗದದಲ್ಲಿ ಸುತ್ತಿ ಕಲಬುರಗಿಯ ಸಂಶೋಧನಾ ಕೇಂದ್ರಕ್ಕೆ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಬೆವತು ಬೇರೆ ಬೂಸ್ಟು ಹತ್ತುತ್ತದೆ. ಎರೆಯ ಭಾಗದ್ದು ಒಂದು ಕಟ್ಟು, ಮಸಾರಿಯದ್ದು ಇನ್ನೊಂದು ಕಟ್ಟು ಮಾಡಿ, ಯಾವುದು ಎಲ್ಲಿಯದು ಎಂದು ಚೀಟಿ ಕಟ್ಟಿ ತನ್ನಿ.